ವಯಲ್‌ನ ತೂಕವೆಲ್ಲ ಪೆಪ್ಟೈಡ್ ಅಲ್ಲ

ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಫ್ರೀಜ್-ಡ್ರೈ ಮಾಡಿದ ಪೆಪ್ಟೈಡ್‌ಗಳ (ಅಮೈನೋ ಆಮ್ಲಗಳ ಕಿರು ಸರಪಳಿಗಳ) ಬಗ್ಗೆಯೇ ಇದ್ದವು. ಹಾಗಾಗಿ ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: 1 ಮಿ.ಗ್ರಾಂ. ಮೆಲಿಟಿನ್ ತರಿಸಿದ್ದೇವೆ. ಶುದ್ಧತೆ ಶೇ. 98 ಎಂದು ಲೇಬಲ್‌ನಲ್ಲಿದೆ. ಅಣುತೂಕ 2846 ಹಿಡಿದು, 351 ಮೈಕ್ರೋಲೀಟರ್ ನೀರು ಹಾಕಿ 1 ಮಿಲಿಮೋಲಾರ್ ಸ್ಟಾಕ್ (ಆಮೇಲೆ ತೆಳುಮಾಡಿ ಬಳಸುವ ಸಾಂದ್ರ ದ್ರಾವಣ) ಮಾಡಿದೆವು. ಫಲಿತಾಂಶ ಮಾತ್ರ ಪ್ರಕಟಿತ ಅಂಕಿಗಳಿಗೆ ಹೊಂದುತ್ತಿಲ್ಲ. ಎಲ್ಲಿ ತಪ್ಪಿದೆ? — ಎಂ.ಎಸ್ಸಿ. ವಿದ್ಯಾರ್ಥಿನಿ, ಮೈಸೂರು

ನಿಮ್ಮ ಗುಣಾಕಾರ, ಭಾಗಾಕಾರ ಸರಿಯಾಗಿಯೇ ಇದೆ. ತಪ್ಪಿರುವುದು 1 ಮಿ.ಗ್ರಾಂ. ಪುಡಿಯಲ್ಲಿ 1 ಮಿ.ಗ್ರಾಂ. ಪೆಪ್ಟೈಡ್ ಇದೆ ಎಂದುಕೊಂಡಲ್ಲಿ. ಶೇ. 98 ಎನ್ನುವುದು ಎಚ್‌ಪಿಎಲ್‌ಸಿ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಶುದ್ಧತೆ. ಪುಡಿಯಲ್ಲಿರುವ ಪೆಪ್ಟೈಡ್‌ಗಳ ಪೈಕಿ ನಿಮಗೆ ಬೇಕಾದದ್ದು ಎಷ್ಟು ಎಂದಷ್ಟೇ ಅದು ಹೇಳುತ್ತದೆ. ಪುಡಿಯಲ್ಲಿರುವ ಲವಣ ಮತ್ತು ನೀರನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಸಂಶ್ಲೇಷಿತ ಪೆಪ್ಟೈಡ್‌ಗಳನ್ನು ಶುದ್ಧಗೊಳಿಸುವಾಗ ಟ್ರೈಫ್ಲೋರೋಅಸಿಟಿಕ್ ಆಮ್ಲ, ಅಂದರೆ ಟಿಎಫ್‌ಎ ಬಳಸುವುದು ರೂಢಿ. ಪ್ರತಿ ಧನಾವೇಶಕ್ಕೂ ಅದರ ಒಂದೊಂದು ಅಣು ಅಂಟಿಕೊಂಡೇ ಪುಡಿಗೆ ಬರುತ್ತದೆ. ಮೆಲಿಟಿನ್‌ನಲ್ಲಿ ಮೂರು ಲೈಸಿನ್, ಎರಡು ಆರ್ಜಿನಿನ್, ಜೊತೆಗೆ ಮೊದಲ ತುದಿಯ ಅಮೈನೋ ಗುಂಪು: ಒಟ್ಟು ಆರು ಧನಾವೇಶ. ಟಿಎಫ್‌ಎಯ ಅಣುತೂಕ 114, ಆರಕ್ಕೆ 684. ಅಂದರೆ ಲವಣರೂಪದ ತೂಕ ಸುಮಾರು 3530. ಅದರಲ್ಲಿ ಪೆಪ್ಟೈಡ್‌ನ ಪಾಲು ಶೇ. 81ರ ಆಸುಪಾಸು, ತೇವಾಂಶ ಕಳೆದರೆ ಇನ್ನೂ ಕಡಿಮೆ. 0.8 ಮಿ.ಗ್ರಾಂ. ಎಂದು ಹಿಡಿದರೆ 1 ಮಿಲಿಮೋಲಾರ್‌ಗೆ ಬೇಕಾದದ್ದು 281 ಮೈಕ್ರೋಲೀಟರ್. ನಿಮ್ಮ ಸ್ಟಾಕ್ ಈಗ 0.8 ಮಿಲಿಮೋಲಾರ್‌ನಷ್ಟಿರಬೇಕು. ಪೂರೈಕೆದಾರರ ವಿಶ್ಲೇಷಣಾ ಪತ್ರದಲ್ಲಿ 'ನೆಟ್ ಪೆಪ್ಟೈಡ್ ಕಂಟೆಂಟ್' ಎಂಬ ಸಾಲು ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ.

ಲೆಕ್ಕದ ಮೇಲೆ ಒಂದು ಅಳತೆಯೂ ಆಗಲಿ. ಮೆಲಿಟಿನ್‌ನಲ್ಲಿ ಒಂದು ಟ್ರಿಪ್ಟೋಫಾನ್ ಇದೆ, 280 ನ್ಯಾನೋಮೀಟರ್‌ನಲ್ಲಿ ಅದರ ಮೋಲಾರ್ ಹೀರಿಕೆ 5500. 10 ಮೈಕ್ರೋಲೀಟರ್ ಸ್ಟಾಕನ್ನು 190 ಮೈಕ್ರೋಲೀಟರ್ ನೀರಿಗೆ ಸೇರಿಸಿ 1 ಸೆಂ.ಮೀ. ಕ್ಯುವೆಟ್‌ನಲ್ಲಿ ಓದಿ. ಸ್ಟಾಕ್ ನಿಜಕ್ಕೂ 1 ಮಿಲಿಮೋಲಾರ್ ಇದ್ದರೆ 0.275 ಬರಬೇಕು. 0.22 ಬಂದರೆ 0.8. ಟ್ರಿಪ್ಟೋಫಾನ್, ಟೈರೋಸಿನ್ ಎರಡೂ ಇಲ್ಲದ ಎಲ್ಎಲ್-37ರಂಥ (ಮಾನವ ದೇಹದ ಸೂಕ್ಷ್ಮಾಣುನಾಶಕ) ಪೆಪ್ಟೈಡ್‌ಗೆ ಈ ಉಪಾಯ ನಡೆಯದು. ಅಲ್ಲಿ 205 ನ್ಯಾನೋಮೀಟರ್‌ನಲ್ಲಿ ಓದಬೇಕು, 1 ಮಿ.ಗ್ರಾಂ./ಮಿ.ಲೀ. ದ್ರಾವಣಕ್ಕೆ ಹೀರಿಕೆ ಸುಮಾರು 31. ಆ ತರಂಗಾಂತರದಲ್ಲಿ ಅಸಿಟೇಟ್, ಡಿಎಂಎಸ್‌ಒ (ಒಂದು ಸಾವಯವ ದ್ರಾವಕ), ಟಿಎಫ್‌ಎ ಕೂಡ ಹೀರುತ್ತವೆ. ಬ್ಲಾಂಕ್‌ಗೆ (ಪೆಪ್ಟೈಡ್ ಇಲ್ಲದ ಹೋಲಿಕೆಯ ಓದಿಗೆ) ಅದೇ ದ್ರಾವಕ ಇರಲಿ, ಓದುವಷ್ಟಕ್ಕೆ ಚೆನ್ನಾಗಿ ತೆಳುಮಾಡಿ.

ಇನ್ನೊಂದು ಮಾತು: ಮೆಲಿಟಿನ್ ಜೇನುಹುಳುವಿನ ವಿಷದ ಮುಖ್ಯ ಅಂಶ, ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಕೈಗವಸು, ಕನ್ನಡಕ ಹಾಕಿಯೇ ಮುಟ್ಟಿ.

ಪ್ರಶ್ನೆ: ಮಳೆಗಾಲದಲ್ಲಿ ವಯಲ್ ತೆರೆದ ಸ್ವಲ್ಪ ಹೊತ್ತಿಗೇ ಪುಡಿ ಕುಗ್ಗಿ ಅಂಟಂಟಾಗುತ್ತದೆ. ಮಾಲೇ ಕಳಪೆಯೇ? — ಸಂಶೋಧನಾ ವಿದ್ಯಾರ್ಥಿ, ಮಂಗಳೂರು

ಮಾಲು ಕೆಟ್ಟದ್ದು ಎನ್ನಲಾಗದು. ಫ್ರೀಜರ್‌ನಿಂದ ತೆಗೆದ ತಣ್ಣನೆಯ ವಯಲನ್ನು ಕರಾವಳಿಯ ಜುಲೈ ಗಾಳಿಯಲ್ಲಿ ತೆರೆದರೆ ಒಳಗೆ ಇಬ್ಬನಿ ಕೂರುತ್ತದೆ. ಪುಡಿ ಅದನ್ನು ಕ್ಷಣದಲ್ಲಿ ಹೀರಿಕೊಳ್ಳುತ್ತದೆ. ಮುಚ್ಚಿದ ವಯಲನ್ನು ಸಿಲಿಕಾ ಜೆಲ್ ಇರುವ ಡೆಸಿಕೇಟರ್‌ನಲ್ಲಿಟ್ಟು, ಕೋಣೆಯ ಶಾಖಕ್ಕೆ ಬರುವವರೆಗೆ ಒಂದು ತಾಸಾದರೂ ಕಾಯಿರಿ. ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ಒಂದು ಸಣ್ಣ ಸುತ್ತು ಕೊಡಿ. ಹತ್ತಿಯ ಎಳೆಯಂಥ ಆ ಪುಡಿ ಮುಚ್ಚಳದ ಒಳಮೈಗೆ ಹತ್ತಿಕೊಂಡಿರುತ್ತದೆ, ನೇರ ತೆರೆದರೆ ಹಾರಿಹೋಗುತ್ತದೆ.

1 ಮಿ.ಗ್ರಾಂ. ವಯಲ್‌ನಿಂದ 0.3 ಮಿ.ಗ್ರಾಂ. ತೂಗಿ ತೆಗೆಯುವ ಪ್ರಯತ್ನ ಬೇಡ. ತೂಗುವಷ್ಟರಲ್ಲಿ ಅದು ನೀರು ಕುಡಿದಿರುತ್ತದೆ. ಇಡೀ ವಯಲನ್ನು ಒಮ್ಮೆಲೇ ಕರಗಿಸಿ ಹಂಚಿಡಿ. ಈಗಾಗಲೇ ಅಂಟಾಗಿದ್ದರೂ ಎಸೆಯಬೇಡಿ. ಕರಗಿಸಿ, ಸಾಂದ್ರತೆ ಅಳೆದು, ಎಚ್‌ಪಿಎಲ್‌ಸಿಯಲ್ಲಿ ಒಂದೇ ಶೃಂಗ ಬರುತ್ತದೆಯೇ ನೋಡಿ ಬಳಸಬಹುದು.

ಪ್ರಶ್ನೆ: ಯಾವ ಪೆಪ್ಟೈಡ್ ಬಂದರೂ ನಮ್ಮ ಲ್ಯಾಬ್‌ನಲ್ಲಿ ಮೊದಲು ಡಿಎಂಎಸ್‌ಒಗೆ ಹಾಕುತ್ತಾರೆ. ಇದು ಸರಿಯೇ? — ಪ್ರಾಜೆಕ್ಟ್ ಸಹಾಯಕಿ, ಬೆಂಗಳೂರು

ಸರಿಯಲ್ಲ. ಮೊದಲು ಆವೇಶ ಎಣಿಸಿ. ಲೈಸಿನ್, ಆರ್ಜಿನಿನ್, ಮೊದಲ ತುದಿಗೆ ಕೂಡಿಸು ಒಂದು. ಆಸ್ಪಾರ್ಟಿಕ್, ಗ್ಲುಟಾಮಿಕ್, ಕೊನೆಯ ತುದಿಗೆ ಕಳೆ ಒಂದು. ಕೊನೆಯ ತುದಿ ಅಮೈಡ್ ಆಗಿದ್ದರೆ ಅದಕ್ಕೆ ಸೊನ್ನೆ. ಎಲ್ಎಲ್-37ರಲ್ಲಿ ಹನ್ನೊಂದು ಪ್ರತ್ಯಾಮ್ಲೀಯ, ಐದು ಆಮ್ಲೀಯ ಘಟಕಗಳಿವೆ, ಒಟ್ಟು ಆವೇಶ ಕೂಡಿಸು ಆರು. ಅದಕ್ಕೆ ಬರೀ ನೀರು ಸಾಕು. ಧನಾವೇಶದ್ದು ನೀರಿನಲ್ಲಿ ಕರಗದಿದ್ದರೆ ಶೇ. 10ರ ಅಸಿಟಿಕ್ ಆಮ್ಲ. ಋಣಾವೇಶದ್ದಕ್ಕೆ ತೆಳು ಅಮೋನಿಯಾ ಒಂದೆರಡು ಹನಿ, ಕೂಡಲೇ ನೀರು. ಸಿಸ್ಟೀನ್ ಇದ್ದರೆ ಅಮೋನಿಯಾ ಬೇಡ, ಕ್ಷಾರದಲ್ಲಿ ಡೈಸಲ್ಫೈಡ್ ಬೇಗ ಕಟ್ಟಿಕೊಳ್ಳುತ್ತದೆ.

ಡಿಎಂಎಸ್‌ಒ ಬೇಕಾಗುವುದು ಆವೇಶವಿಲ್ಲದ, ನೀರಿಗೆ ಒಲ್ಲದ ಪೆಪ್ಟೈಡ್‌ಗಳಿಗೆ. ಅಲ್ಲಿಯೂ ಸಿಸ್ಟೀನ್, ಮೆಥಿಯೋನಿನ್ ಇದ್ದರೆ ಅದು ಅವನ್ನು ಆಕ್ಸಿಡೀಕರಿಸುತ್ತದೆ, ಆಗ ಡಿಎಂಎಫ್ ಎಂಬ ಇನ್ನೊಂದು ದ್ರಾವಕ ಮೇಲು. ಸಾಂದ್ರ ದ್ರಾವಣವನ್ನು ಕಲಕುತ್ತಿರುವ ಬಫರ್‌ಗೆ ಹನಿಹನಿಯಾಗಿ ಬಿಡಿ. ಬಫರನ್ನು ಪೆಪ್ಟೈಡ್ ಮೇಲೆ ಸುರಿದರೆ ಬಿಳಿ ಮೋಡ ಎದ್ದು ತಳಕ್ಕೆ ಕೂರುತ್ತದೆ. ಜೀವಕೋಶಗಳ ಪ್ರಯೋಗವಾದರೆ ಕೊನೆಯ ಡಿಎಂಎಸ್‌ಒ ಶೇ. 0.5 ಮೀರದಿರಲಿ, ಶೇ. 0.1 ಇನ್ನೂ ಒಳ್ಳೆಯದು. ಪೆಪ್ಟೈಡ್ ಹಾಕದ ಕಂಟ್ರೋಲ್ ವೆಲ್‌ಗಳಿಗೂ ಅಷ್ಟೇ ಪ್ರಮಾಣ ಹಾಕಿ. ಜೋರಾಗಿ ವೋರ್ಟೆಕ್ಸ್ ಮಾಡಿದರೆ ನೊರೆ ಬರುತ್ತದೆ, ನೊರೆಯ ಮೈಯಲ್ಲೇ ಪೆಪ್ಟೈಡ್ ಗಂಟುಗಟ್ಟುತ್ತದೆ. ಬಾತ್ ಸೋನಿಕೇಟರ್‌ನಲ್ಲಿ ಚಿಕ್ಕ ಚಿಕ್ಕ ಸರದಿ ಕೊಟ್ಟು, ನಡುವೆ ತಣಿಸಿ.

ಪ್ರಶ್ನೆ: ಜಿಮ್‌ನಲ್ಲಿ ಕೆಲವರು 'ಸಂಶೋಧನೆಗೆ ಮಾತ್ರ' ಎಂದು ಬರೆದ ಪೆಪ್ಟೈಡ್ ವಯಲ್ ತರಿಸಿ ಚುಚ್ಚಿಕೊಳ್ಳುತ್ತಾರೆ. ಕರಗಿಸುವ ವಿಧಾನ ತಿಳಿಸುತ್ತೀರಾ? — ಓದುಗ, ಹುಬ್ಬಳ್ಳಿ

ಇಲ್ಲ. ಈ ಪುಡಿಗಳು ದೇಹಕ್ಕೆ ಹಾಕಲೆಂದು ತಯಾರಾದವಲ್ಲ. ಸ್ಟೆರೈಲ್ ಆಗಿರುವ ಖಾತ್ರಿ ಇಲ್ಲ. ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ 0.22 ಮೈಕ್ರಾನ್ ಫಿಲ್ಟರನ್ನೂ ದಾಟಿ ಬರುತ್ತದೆ. ಅದು ರಕ್ತಕ್ಕೆ ಸೇರಿದರೆ ಜ್ವರ, ನಡುಕದಿಂದ ಹಿಡಿದು ಪ್ರಾಣಾಪಾಯದವರೆಗೂ ಹೋಗಬಹುದು. ಒಳಗಿರುವುದು ಲೇಬಲ್‌ನಲ್ಲಿ ಬರೆದದ್ದೇ ಎಂದು ತೋರಿಸಲು ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ದಯವಿಟ್ಟು ನಿಮ್ಮ ಗೆಳೆಯರನ್ನು ತಡೆಯಿರಿ. ಈಗಾಗಲೇ ಚುಚ್ಚಿಕೊಂಡವರು ವಯಲನ್ನು ಜೊತೆಗೇ ತೆಗೆದುಕೊಂಡು ಹೋಗಿ ವೈದ್ಯರಿಗೆ ತೋರಿಸಲಿ.

ಪ್ರಶ್ನೆ: ಪಿಬಿಎಸ್‌ನಲ್ಲಿ ಕರಗಿಸಿ ಮೈನಸ್ 20 ಡಿಗ್ರಿಯಲ್ಲಿಟ್ಟ ಸ್ಟಾಕ್ ಕೆಲವೇ ವಾರಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಏಕೆ? — ಉಪನ್ಯಾಸಕ, ಧಾರವಾಡ

ಎರಡು ಕಾರಣ ಒಟ್ಟಿಗೆ ಇರಬಹುದು. ಮೊದಲನೆಯದು ಬಫರ್, ಅಂದರೆ ಪಿಎಚ್ ಸ್ಥಿರವಾಗಿಡುವ ದ್ರಾವಣ. ಪಿಬಿಎಸ್ ಎಂದರೆ ಸೋಡಿಯಂ ಫಾಸ್ಫೇಟ್ ಇರುವ ಉಪ್ಪುನೀರಿನ ಬಫರ್. ಸೋಡಿಯಂ ಫಾಸ್ಫೇಟ್ ಹೆಪ್ಪುಗಟ್ಟುವಾಗ ಡೈಸೋಡಿಯಂ ಲವಣ ಮೊದಲು ಹರಳಾಗಿ ಹೊರಬೀಳುತ್ತದೆ. ಉಳಿದ ದ್ರವದ ಪಿಎಚ್ 7ರಿಂದ 4ರ ಹತ್ತಿರಕ್ಕೆ ಕುಸಿಯಬಹುದು. ಹರಳುಗಳ ನಡುವಿನ ಆ ತೆಳು ಪದರದಲ್ಲೇ ಪೆಪ್ಟೈಡ್, ಉಪ್ಪು, ಆಮ್ಲ ಎಲ್ಲ ಒತ್ತೊತ್ತಾಗಿ ಸೇರಿರುತ್ತವೆ. ಆದ್ದರಿಂದ ಸ್ಟಾಕನ್ನು ನೀರು ಅಥವಾ ತೆಳು ಅಸಿಟಿಕ್ ಆಮ್ಲದಲ್ಲಿ ಮಾಡಿ, ಪಿಬಿಎಸ್‌ಗೆ ಪ್ರಯೋಗದ ದಿನವೇ ಸೇರಿಸಿ. ಹೆಚ್ಚಿನ ಪೆಪ್ಟೈಡ್‌ಗಳಿಗೆ ಪಿಎಚ್ 5-6 ಹಿತ.

ಎರಡನೆಯದು ಫ್ರೀಜರ್. ಹಿಮ ಕಟ್ಟದ, ಫ್ರಾಸ್ಟ್-ಫ್ರೀ ಎಂದು ಮಾರುವ ಫ್ರೀಜರ್ ಆಗಾಗ ತಾನೇ ಬಿಸಿಯಾಗಿ ಹಿಮ ಕರಗಿಸುತ್ತದೆ. ಪ್ರತಿ ಸಲ ನಿಮ್ಮ ಟ್ಯೂಬ್‌ನ ಅಂಚೂ ಕರಗಿ ಮತ್ತೆ ಗಟ್ಟಿಯಾಗುತ್ತದೆ. ಕರೆಂಟು ಹೋಗಿ ಬರುವ ಊರಿನಲ್ಲೂ ಇದೇ ಕಥೆ. ಒಂದು ಪ್ರಯೋಗಕ್ಕೆ ಒಂದು ಟ್ಯೂಬ್ ಎಂಬಂತೆ 20ರಿಂದ 50 ಮೈಕ್ರೋಲೀಟರ್ ಹಂಚಿ, ಸಾಧ್ಯವಾದರೆ ಮೈನಸ್ 80ರಲ್ಲಿಡಿ. ಕರಗಿಸಿದ ಟ್ಯೂಬನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ಅನುಕ್ರಮವನ್ನೂ ಓದಿ. ಆಸ್ಪರಜಿನ್ ಪಕ್ಕ ಗ್ಲೈಸಿನ್ ಇದ್ದರೆ ತಟಸ್ಥ ಮತ್ತು ಕ್ಷಾರೀಯ ದ್ರಾವಣದಲ್ಲಿ ಅಮೈಡ್ ಕಳಚುತ್ತದೆ. ಮೊದಲ ಘಟಕ ಗ್ಲುಟಮಿನ್ ಆದರೆ ಅದು ತಾನೇ ಉಂಗುರ ಕಟ್ಟಿಕೊಳ್ಳುತ್ತದೆ. ಆಸ್ಪಾರ್ಟಿಕ್-ಪ್ರೋಲಿನ್ ಜೋಡಿ ಆಮ್ಲದಲ್ಲಿ ಮುರಿಯುತ್ತದೆ. ಸಿಸ್ಟೀನ್, ಮೆಥಿಯೋನಿನ್, ಟ್ರಿಪ್ಟೋಫಾನ್ ಇದ್ದರೆ ಗಾಳಿ ತೆಗೆದ ನೀರು ಬಳಸಿ, ಟ್ಯೂಬ್‌ನ ಮೇಲಿನ ಜಾಗಕ್ಕೆ ಆರ್ಗಾನ್ ಊದಿ ಮುಚ್ಚಿ. ಇಂಥವನ್ನು ಪುಡಿಯಾಗಿಯೇ ಉಳಿಸಿಕೊಂಡು, ಬೇಕಾದಾಗ ಒಂದೊಂದು ವಯಲ್ ಕರಗಿಸುವುದು ಎಲ್ಲಕ್ಕಿಂತ ಉತ್ತಮ. ಹಾಗಾಗಿ ಆರ್ಡರ್ ಮಾಡುವಾಗಲೇ 5 ಮಿ.ಗ್ರಾಂ.ನ ಒಂದು ವಯಲ್ ಬದಲು 1 ಮಿ.ಗ್ರಾಂ.ನ ಐದು ಕೇಳಿ.

ಪ್ರಶ್ನೆ: 1 ಮೈಕ್ರೋಮೋಲಾರ್‌ಗಿಂತ ತೆಳುಮಾಡಿದರೆ ಪ್ರತಿ ಸಲ ಬೇರೆ ಬೇರೆ ಉತ್ತರ ಬರುತ್ತದೆ. — ಸಂಶೋಧಕಿ, ಶಿವಮೊಗ್ಗ

ಪೆಪ್ಟೈಡ್ ಟ್ಯೂಬ್‌ನ ಗೋಡೆಗೆ ಅಂಟುತ್ತಿದೆ. ಧನಾವೇಶದ್ದು ಗಾಜಿಗೆ, ಜಲವಿಮುಖಿಯಾದದ್ದು ಪಾಲಿಸ್ಟೈರೀನ್‌ಗೆ ಹೆಚ್ಚು ಹತ್ತುತ್ತದೆ. ತೆಳುವಾದಷ್ಟೂ ಗೋಡೆಗೆ ಹೋಗುವ ಪಾಲು ದೊಡ್ಡದು. ಲೋ-ಬೈಂಡ್ ಪಾಲಿಪ್ರೊಪಿಲೀನ್ ಟ್ಯೂಬ್ ಬಳಸಿ. ಪ್ರಯೋಗಕ್ಕೆ ಅಡ್ಡಿಯಿಲ್ಲದಿದ್ದರೆ ಶೇ. 0.1 ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನ್) ಸೇರಿಸಿ. ಫಿಲ್ಟರ್ ಮಾಡುವುದಿದ್ದರೆ ಸಾಂದ್ರ ಸ್ಟಾಕನ್ನೇ ಮಾಡಿ, ಮೊದಲ ಕೆಲವು ಹನಿ ಬಿಟ್ಟುಬಿಡಿ. ತೆಳು ದ್ರಾವಣವನ್ನು ಹಿಂದಿನ ಸಂಜೆ ಮಾಡಿಟ್ಟುಕೊಳ್ಳಬೇಡಿ. ಪ್ಲೇಟ್ ಸಿದ್ಧವಾದ ಮೇಲೆ ಮಾಡಿ, ಆ ಗಳಿಗೆಯಲ್ಲೇ ಬಳಸಿ.