ಮುಚ್ಚಳದ ಒಳಗೆ 1889 ಎಂದಿದೆ, ಹಾಗಾದರೆ ಗಡಿಯಾರ ಆ ವರ್ಷದ್ದೇನಾ?

ಅಲ್ಲ. 1889 ಅದು ತಯಾರಾದ ವರ್ಷವಲ್ಲ, ಗಡಿಯಾರ ಅದಕ್ಕಿಂತ ಈಚಿನದು. ನೀವು ಬರೆದ ವಿವರಗಳನ್ನೆಲ್ಲ ಸೇರಿಸಿ ನೋಡಿದರೆ, ಇದು ಸ್ವಿಟ್ಜರ್ಲೆಂಡಿನಲ್ಲಿ ತಯಾರಾಗಿ, ಜರ್ಮನಿಯಲ್ಲಿ ಮಾರುವುದಕ್ಕೆಂದು ಮುದ್ರೆ ಒತ್ತಿಸಿಕೊಂಡ ಪಾಕೆಟ್ ವಾಚು. 1890ರಿಂದ ಮೊದಲ ಮಹಾಯುದ್ಧದವರೆಗಿನ ಯಾವುದೋ ವರ್ಷದ್ದು ಅನ್ನುವುದು ನನ್ನ ಅಂದಾಜು.

ನೀವು ಹೇಳಿದ್ದು ಇಷ್ಟು: ಮುತ್ತಜ್ಜನಿಂದ ಬಂದ ಬೆಳ್ಳಿ ಗಡಿಯಾರ, ಡಯಲ್ ಮೇಲೆ ಹೆಸರಿಲ್ಲ. ಹಿಂಬದಿ ಮುಚ್ಚಳದ ಒಳಗೆ 0.800, ಒಂದು ಪುಟ್ಟ ಹಕ್ಕಿ, ಅರ್ಧಚಂದ್ರ, ಕಿರೀಟ, ಆರು ಅಂಕಿಯ ಒಂದು ನಂಬರು. ಅದರೊಳಗಿನ ಎರಡನೇ ಮುಚ್ಚಳದ ಮೇಲೆ ಪದಕಗಳ ಚಿತ್ರ, 1889, ಜೊತೆಗೆ 'ರಮೊಂಟ್ವಾರ್ ಸಿಲಿಂಡ್ರ್ 10 ರುಬಿ' ಎಂಬ ಬರಹ. ಈ ಬರಹವೇ ಕಂಪನಿಯ ಹೆಸರಾ ಅಂತ ಕೇಳಿದ್ದೀರಿ.

ಅದು ಹೆಸರಲ್ಲ, ಗಡಿಯಾರದ ವರ್ಣನೆ. ರಮೊಂಟ್ವಾರ್ ಅಂದರೆ ಬೇರೆ ಕೀಲಿಕೈ ಬೇಡ, ಮೇಲಿನ ತಿರುಪಿನಿಂದಲೇ ಕೀ ಕೊಡಬಹುದು ಎಂದು. ಸಿಲಿಂಡ್ರ್ ಅಂದರೆ ಒಳಗಿನ ಯಂತ್ರದ ಬಗೆ. 10 ರುಬಿ ಅಂದರೆ ತಿರುಗುವ ಭಾಗಗಳು ಸವೆಯದಂತೆ ಕೂರಿಸಿದ ಹತ್ತು ಹರಳು. ಕೆಲವು ಗಡಿಯಾರಗಳಲ್ಲಿ 'ಸ್ಪಿರಾಲ್ ಬ್ರೆಗೆ' ಎಂದಿರುತ್ತದೆ. ಅದನ್ನು ನೋಡಿ ಬ್ರೆಗೆ ಎಂಬ ಹೆಸರಾಂತ ಗಡಿಯಾರ ಕಂಪನಿಯದೇ ಸಿಕ್ಕಿತು ಎಂದು ಕುಣಿದವರು ಬಹಳ ಜನ. ಅದೂ ಒಳಗಿನ ಸ್ಪ್ರಿಂಗಿನ ಆಕಾರದ ಹೆಸರು ಅಷ್ಟೆ.

ಈಗ ಮುದ್ರೆಗಳಿಗೆ ಬರೋಣ, ನಿಜವಾದ ಸಾಕ್ಷಿ ಇರುವುದು ಅಲ್ಲೇ. ಆ ಹಕ್ಕಿ ಒಂದು ಜಾತಿಯ ಕಾಡುಕೋಳಿ. ಸ್ವಿಟ್ಜರ್ಲೆಂಡಿನಲ್ಲಿ ಬೆಳ್ಳಿ, ಬಂಗಾರದ ಕೇಸುಗಳನ್ನು, ಅಂದರೆ ಗಡಿಯಾರದ ಹೊರಕವಚಗಳನ್ನು, ಪರೀಕ್ಷಿಸಿ ಮುದ್ರೆ ಒತ್ತುವ ಕಾನೂನು 1880ರಲ್ಲಿ ಬಂತು, ಜಾರಿಯಾಗಿದ್ದು 1882ರಲ್ಲಿ. ಸಾವಿರಕ್ಕೆ 800 ಭಾಗ ಶುದ್ಧ ಬೆಳ್ಳಿ ಇದ್ದರೆ ಕಾಡುಕೋಳಿ, 875 ಭಾಗ ಇದ್ದರೆ ಕರಡಿ. ಹಾಗಾಗಿ ಈ ಕೇಸು 1882ಕ್ಕಿಂತ ಹಳೆಯದಲ್ಲ ಎಂದು ನಿಮ್ಮ ಹಕ್ಕಿ ಒಂದೇ ಹೇಳಿಬಿಡುತ್ತದೆ. ಭೂತಗನ್ನಡಿ ಇಟ್ಟು ಇನ್ನೊಮ್ಮೆ ನೋಡಿ. ಸವೆದ ಮುದ್ರೆಯಲ್ಲಿ ಹಕ್ಕಿ ಯಾವುದು, ಕರಡಿ ಯಾವುದು ಅಂತ ಗೊತ್ತಾಗುವುದೇ ಕಷ್ಟ.

ಅರ್ಧಚಂದ್ರ ಮತ್ತು ಕಿರೀಟ ಜರ್ಮನಿಯ ಗುರುತು. ಅಲ್ಲಿನ ಕಾನೂನು 1884ರದ್ದು, ಜಾರಿಗೆ ಬಂದದ್ದು 1888ರಲ್ಲಿ. ಜರ್ಮನಿಗೆ ಕಳಿಸುವ ಕೇಸುಗಳಿಗೆ ಸ್ವಿಸ್ ತಯಾರಕರೂ ಇದನ್ನು ಒತ್ತುತ್ತಿದ್ದರು. ಈ ಎರಡು ಗುರುತು ಹಕ್ಕಿಯ ಪಕ್ಕದಲ್ಲೇ ಇದ್ದರೆ 1888ಕ್ಕಿಂತ ಹಿಂದೆ ಹೋಗುವ ಹಾಗಿಲ್ಲ.

ಇನ್ನು ಪದಕಗಳು. 1889ರಲ್ಲಿ ಪ್ಯಾರಿಸ್ಸಿನಲ್ಲಿ ಐಫೆಲ್ ಗೋಪುರ ಕಟ್ಟಿದ ಆ ದೊಡ್ಡ ವಸ್ತುಪ್ರದರ್ಶನ ನಡೆಯಿತಲ್ಲ, ಅದರ ಪದಕ ಅದು. ಪದಕದ ಚಿತ್ರ ಕೆತ್ತಬೇಕಾದರೆ ಮೊದಲು ಪ್ರದರ್ಶನ ನಡೆದಿರಬೇಕು, ಅಲ್ವಾ? ಆಮೇಲೆ ಎಷ್ಟೋ ವರ್ಷ ಅದೇ ಚಿತ್ರವನ್ನು ಹಾಕುತ್ತಲೇ ಇದ್ದರು. ಪದಕ ಗೆಲ್ಲದವರೂ ಸುಮ್ನೆ ಅಲಂಕಾರಕ್ಕೆ ಹಾಕಿದ್ದುಂಟು. ಒಂದಕ್ಕಿಂತ ಜಾಸ್ತಿ ಇಸವಿ ಕಂಡರೆ ಎಲ್ಲಕ್ಕಿಂತ ಈಚಿನದನ್ನು ಹಿಡಿಯಿರಿ. ಅಲ್ಲಿ 1900 ಕೂಡ ಇದ್ದರೆ ನನ್ನ ಅಂದಾಜು ಹತ್ತು ವರ್ಷ ಮುಂದಕ್ಕೆ ಜರುಗುತ್ತದೆ.

ಇಷ್ಟೂ ಕೇಸಿನ ಮಾತಾಯಿತು. ಕೇಸು ಬೇರೆ, ಒಳಗಿನ ಯಂತ್ರ ಬೇರೆ. ಕೇಸು ಹಾಳಾದಾಗ ಯಂತ್ರವನ್ನು ಇನ್ನೊಂದಕ್ಕೆ ಕೂರಿಸುವುದು ಹೊಸದೇನಲ್ಲ. ನಿಮ್ಮದರಲ್ಲಿ ಎರಡೂ ಒಂದೇ ಮಾತು ಹೇಳುತ್ತಿವೆ. ಮುಳ್ಳು ತಿರುಗಿಸಲು ತಿರುಪಿನ ಪಕ್ಕದ ಪುಟ್ಟ ಗುಂಡಿಯನ್ನು ಉಗುರಿನಿಂದ ಒತ್ತಿ ಹಿಡಿಯಬೇಕು ಎಂದಿದ್ದೀರಿ. ಸಿಲಿಂಡ್ರ್ ಯಂತ್ರದ ಜೊತೆ ಈ ಗುಂಡಿ ಇರುವುದು ಆ ಕಾಲದ ಸಾಮಾನ್ಯ ಸ್ವಿಸ್ ಗಡಿಯಾರಗಳ ಲಕ್ಷಣ. ದುಬಾರಿ ಗಡಿಯಾರಗಳಲ್ಲಿ 'ಆಂಕ್ರ್' ಎಂದು ಬರೆದ, ಇನ್ನೊಂದು ಬಗೆಯ, 15 ಹರಳಿನ ಯಂತ್ರ ಇರುತ್ತಿತ್ತು. ಅಂದರೆ ನಿಮ್ಮದು ಶ್ರೀಮಂತರ ಗಡಿಯಾರವಲ್ಲ. ನನಗಂತೂ ಇಂಥವೇ ಜಾಸ್ತಿ ಇಷ್ಟ, ದಿನಾ ಜೇಬಿನಲ್ಲಿ ಓಡಾಡಿದವು.

ಆರಂಕಿಯ ನಂಬರಿನ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ವಾಲ್ಥಮ್, ಎಲ್ಜಿನ್‌ನಂಥ ಅಮೆರಿಕದ ಕಂಪನಿಗಳಾದರೆ ಯಂತ್ರದ ಮೇಲಿನ ನಂಬರಿನಿಂದಲೇ ವರ್ಷ ಹುಡುಕಬಹುದು, ಪಟ್ಟಿಗಳಿವೆ. ಹೆಸರೇ ಇಲ್ಲದ ಸ್ವಿಸ್ ಕೇಸಿನ ನಂಬರಿನಿಂದ ಏನೂ ಸಿಗುವುದಿಲ್ಲ. ಇಂಗ್ಲೆಂಡಿನ ಕೇಸುಗಳದ್ದು ಸುಲಭ. ಸಿಂಹ ಇದ್ದರೆ ಸ್ಟರ್ಲಿಂಗ್ ಬೆಳ್ಳಿ (ಸಾವಿರಕ್ಕೆ 925 ಭಾಗ ಶುದ್ಧ), ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಚಿರತೆಯ ತಲೆ ಇದ್ದರೆ ಲಂಡನ್. ಜೊತೆಗೆ ವರ್ಷವನ್ನು ಸೂಚಿಸುವ ಒಂದು ಅಕ್ಷರ. ಆದರೆ ಲಂಡನ್ನಿನಲ್ಲಿ ಅದೇ ಅಕ್ಷರ ಇಪ್ಪತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತಿತ್ತು. ಹಾಗಾಗಿ ಅಕ್ಷರದ ಶೈಲಿ, ಸುತ್ತಲಿನ ಚೌಕಟ್ಟು ಎರಡನ್ನೂ ಹೊಂದಿಸಿ ನೋಡಬೇಕು.

ಮುಚ್ಚಳದ ಒಳಗೆ ಸೂಜಿಯಿಂದ ಗೀಚಿದಂತೆ ಸಣ್ಣ ಅಂಕಿಗಳಿದ್ದರೆ ಅವು ರಿಪೇರಿಯವರ ಗುರುತು. ಅಲ್ಲಿ ತಾರೀಕು ಸಿಕ್ಕಿದರೆ ಗಡಿಯಾರ ಅದಕ್ಕಿಂತ ಹಳೆಯದು ಎಂದಾಯಿತು.

ದಯವಿಟ್ಟು ಪಾಲಿಶ್ ಹಾಕಿ ಉಜ್ಜಬೇಡಿ. ಕಪ್ಪು ಕಟ್ಟಿದ್ದು ಬೆಳ್ಳಿಗೆ ಅಂಥ ಹಾನಿಯೇನಲ್ಲ, ಆದರೆ ಉಜ್ಜಿದಷ್ಟೂ ಮುದ್ರೆ ಮತ್ತು ಕೆತ್ತನೆ ಸವೆಯುತ್ತವೆ. ಓಡುತ್ತದಾ ನೋಡೋಣ ಎಂದು ಪದೇ ಪದೇ ಕೀ ಕೊಡುವುದೂ ಬೇಡ. ಒಳಗಿನ ಎಣ್ಣೆ ಒಣಗಿದ್ದರೆ ಭಾಗಗಳು ಸವೆಯುತ್ತವೆ. ಹಳೆ ಗಡಿಯಾರ ಬಲ್ಲವರ ಹತ್ತಿರ ಒಮ್ಮೆ ಸ್ವಚ್ಛ ಮಾಡಿಸಿ. ಆಗ ಡಯಲ್ ಬಿಚ್ಚುತ್ತಾರೆ. ಕೆಳಗಿನ ಲೋಹದ ತಟ್ಟೆಯ ಫೋಟೋ ತೆಗೆದುಕೊಡಲು ಹೇಳಿ. ಕೆಲವು ತಯಾರಕರು ತಮ್ಮ ಟ್ರೇಡ್‌ಮಾರ್ಕನ್ನು ಅಲ್ಲಿ ಒತ್ತುತ್ತಿದ್ದರು. ಅಂಥದ್ದೇನಾದರೂ ಕಂಡರೆ ಇಲ್ಲಿ ಹಾಕಿ, ಯಾರದ್ದು ಅಂತ ಹುಡುಕೋಣ.