ಅಜ್ಜ ಹೇಳಿದ ಜ್ವಾಲಾಮುಖಿ ಮಲ್ಪೆಯಲ್ಲಿದೆ

ಉಡುಪಿಯ ಓದುಗರೊಬ್ಬರ ಪತ್ರ: "ರಜೆಯಲ್ಲಿ ಕಾರಿನಲ್ಲೇ ಹೋಗಿ ಅಜಂತಾ, ಎಲ್ಲೋರಾ ನೋಡಿದೆವು. ಊರಿಗೆ ಹೊರಡುವ ಮುಂಚಿನ ಕೊನೆಯ ದಿನ ಲೋಣಾರ್ ಸರೋವರ. ಅದು ಜ್ವಾಲಾಮುಖಿಯ ಬಾಯಿ ಅಂತ ಮಾವ ದಾರಿಯುದ್ದಕ್ಕೂ ಹೇಳಿದ್ದರು. ಹೋಗಿ ನೋಡಿದರೆ ಉಲ್ಕೆ ಬಿದ್ದ ಗುಂಡಿಯಂತೆ! ಹಸಿರು ನೀರು, ಕೊಳೆತ ವಾಸನೆ. ಅಜ್ಜ ಸುಳ್ಳು ಹೇಳಿದ್ದು ಅಂತ ಮಕ್ಕಳು ಈಗಲೂ ತಮಾಷೆ ಮಾಡುತ್ತಾರೆ. ಅವರಿಗೆ ಬೇಜಾರು. ನಮ್ಮ ಒಂದು ದಿನ ದಂಡ ಆಯಿತೇ?"

ಉತ್ತರ:

ನಮಸ್ಕಾರ. ಮೊದಲು ನಿಮ್ಮ ಮಾವನವರ ಮರ್ಯಾದೆ ಉಳಿಸೋಣ. ಅವರು ಹೇಳಿದ್ದು ಸುಳ್ಳಲ್ಲ, ಸ್ವಲ್ಪ ಹಳೆಯದು, ಅಷ್ಟೇ. ಬ್ರಿಟಿಷ್ ಅಧಿಕಾರಿ ಅಲೆಕ್ಸಾಂಡರ್ ಈ ಸರೋವರದ ಬಗ್ಗೆ ಬರೆದದ್ದು 1823ರಲ್ಲಿ. ಆಮೇಲೆ ಬಹಳ ಕಾಲ ದೊಡ್ಡ ದೊಡ್ಡ ಭೂವಿಜ್ಞಾನಿಗಳೂ ಅದನ್ನು ಜ್ವಾಲಾಮುಖಿ ಅಂತಲೇ ಎಣಿಸಿದ್ದರು. ಎಣಿಸದೆ ಇನ್ನೇನು? ಸುತ್ತಲೂ ಇರುವುದು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದು ಗಟ್ಟಿಯಾದ ಲಾವಾ. ಅದರ ನಡುವೆ 1.8 ಕಿ.ಮೀ. ಅಗಲದ ದುಂಡಗಿನ ಗುಂಡಿ. ಆಕಾಶದ ಮೇಲೆ ಯಾರಿಗೆ ಅನುಮಾನ ಬರುತ್ತದೆ?

ಗುಟ್ಟು ಬಿಟ್ಟುಕೊಟ್ಟದ್ದು ಅಲ್ಲಿನ ಕಲ್ಲೇ. ಅದರಲ್ಲಿ ಮ್ಯಾಸ್ಕೆಲಿನೈಟ್ ಎಂಬ ಗಾಜಿನಂಥ ವಸ್ತು ಸಿಕ್ಕಿತು. ಕಲ್ಲಿನೊಳಗಿನ ಖನಿಜ ಭಾರೀ ಹೊಡೆತಕ್ಕೆ ಸಿಕ್ಕಿದರೆ ಹೀಗಾಗುತ್ತದೆ. ಜ್ವಾಲಾಮುಖಿ ಕಲ್ಲನ್ನು ಕರಗಿಸಬಹುದು, ಆದರೆ ಹಾಗೆ ಹೊಡೆಯಲಾರದು. 1970ರ ದಶಕದಲ್ಲಿ ಉಲ್ಕೆಯ ವಾದ ಗೆದ್ದಿತು. ಅಂದರೆ ಗುಂಡಿ ತೋಡಿದ್ದು ಉಲ್ಕೆ, ತೋಡಿಸಿಕೊಂಡದ್ದು ಲಾವಾ. ಅಜ್ಜನಿಗೆ ಅರ್ಧ ಮಾರ್ಕು ಕೊಡಲೇಬೇಕು.

ನಾನು ಹೋದದ್ದೂ ಪ್ರವಾಸದ ಕೊನೆಯ ದಿನವೇ. ಬಟ್ಟೆಯೆಲ್ಲ ಕೊಳೆ, ಮನಸ್ಸು ಆಗಲೇ ಮನೆಯಲ್ಲಿ. ಹವಾಯಿ ಚಪ್ಪಲಿಯಲ್ಲೇ ಕೆಳಗಿಳಿದೆ. ನೂರು ಮೀಟರಿಗೂ ಜಾಸ್ತಿ ಇಳಿಜಾರು ಅಲ್ವಾ, ಹತ್ತುವಾಗ ಬಾರು ಕಿತ್ತು ಬಂತು. ಒಂದು ಕಾಲು ಬರಿಗಾಲು. ಆದರೆ ಕೆಳಗೆ ಕಂಡದ್ದನ್ನು ಮರೆಯಲಾರೆ. ಮಧ್ಯಾಹ್ನದ ಊಟದಲ್ಲಿ ನನ್ನ ಬೈರಾಸಿಗೆ ಅರಿಶಿನದ ಕಲೆ ಹತ್ತಿತ್ತು. ಅದರ ತುದಿಯನ್ನು ಸುಮ್ನೆ ನೀರಿಗೆ ತಾಗಿಸಿದೆ. ಹಳದಿ ಇದ್ದದ್ದು ನೋಡನೋಡುತ್ತಲೇ ಕೆಂಪಾಯಿತು! ನಮ್ಮಲ್ಲಿ ಆರತಿಗೆ ಅರಿಶಿನಕ್ಕೆ ಸುಣ್ಣ ಬೆರೆಸಿ ಕುರ್ದಿ ನೀರು ಮಾಡುವುದಿಲ್ಲವೇ, ಅದೇ ಕತೆ. ಆ ನೀರು ಸುಣ್ಣದ ನೀರಿನ ಹಾಗೆ ಕ್ಷಾರ. ಸರೋವರದಿಂದ ನೀರು ಹೊರಗೆ ಹರಿಯಲು ದಾರಿ ಇಲ್ಲ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಮತ್ತು ಕ್ಷಾರ ಅಲ್ಲೇ ಉಳಿಯುತ್ತವೆ. ಮಕ್ಕಳು ಮೂಗು ಮುಚ್ಚಿದ ಹಸಿರು, ಅದರಲ್ಲೂ ಬದುಕುವ ಪಾಚಿಯದು. 2020ರ ಜೂನ್‌ನಲ್ಲಿ ಉಪ್ಪು ಜಾಸ್ತಿಯಾಗಿ, ಉಪ್ಪನ್ನೇ ಇಷ್ಟಪಡುವ ಸೂಕ್ಷ್ಮಜೀವಿಗಳು ಹೆಚ್ಚಿ, ಇಡೀ ಸರೋವರ ಗುಲಾಬಿ ಬಣ್ಣಕ್ಕೆ ತಿರುಗಿತ್ತು.

ದಿನ ದಂಡ ಆಗಿಲ್ಲ. ದಣಿದ ಮಕ್ಕಳನ್ನು ಕೊನೆಯ ದಿನ ಅಲ್ಲಿಗೆ ಕರೆದುಕೊಂಡು ಹೋದದ್ದು ಮಾತ್ರ ತಪ್ಪು. ನನ್ನದೂ ಅದೇ ತಪ್ಪು, ಹಾಗಾಗಿ ಜಾಸ್ತಿ ಬೈಯುವ ಹಾಗಿಲ್ಲ.

ಇನ್ನು ಅಜ್ಜನ ಉಳಿದರ್ಧ ಮಾರ್ಕು. ಮಲ್ಪೆಯಿಂದ ಬೋಟು ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಸೆಲ್ಫಿಗೆ ಏರಿ ನಿಲ್ಲುವ ಆ ಕಲ್ಲಿನ ಕಂಬಗಳಿವೆಯಲ್ಲ, ಅವು ಅಪ್ಪಟ ಲಾವಾ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು, ಹತ್ತಿರ ಹತ್ತಿರ 9 ಕೋಟಿ ವರ್ಷ ಹಳೆಯದು. ಲೋಣಾರಿನ ಕಲ್ಲಿಗಿಂತಲೂ ಹಿರಿಯದು! ಬೇಸಿಗೆಯಲ್ಲಿ ಗದ್ದೆಯ ಕೆಸರು ಒಣಗಿ ಬಿರುಕು ಬಿಡುವ ಹಾಗೆ, ಲಾವಾ ಆರುತ್ತಾ ಕುಗ್ಗಿ ಸೀಳಿದೆ. ಮೂಲೆ ಎಷ್ಟಿದೆ ಅಂತ ಮಕ್ಕಳಿಂದಲೇ ಎಣಿಸಿ. ಹೆಚ್ಚಿನವಕ್ಕೆ ಐದು, ಆರು, ಏಳು ಸಿಗುತ್ತದೆ.

ಮಳೆಗಾಲದಲ್ಲಿ ಬೋಟು ಇಲ್ಲ. ಮಳೆ ಕಳೆದ ಮೇಲೆ ಹೋಗಿ, ವಿವರಣೆಯನ್ನು ಅಜ್ಜನಿಗೇ ಬಿಡಿ. ವಾಸನೆ ಇರುವುದಿಲ್ಲ ಅಂತ ಮಾತ್ರ ಮಕ್ಕಳಿಗೆ ಮಾತು ಕೊಡಬೇಡಿ. ಮಲ್ಪೆ ಬಂದರಿನ ಮೀನು ದಾಟಿಯೇ ಹೋಗಬೇಕಲ್ವಾ?

- ಸಂ.