ಹಳೆಯ ಮನೆಯೊಂದರ ಮೂಲಕ 1837ನ್ನೂ ಇಂದನ್ನೂ ಬೆಸೆಯುವ ರಹಸ್ಯ ಕಾದಂಬರಿಯನ್ನು ನಂಬುವಂತೆ ಬರೆಯುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಸುಳ್ಯದ ಕಡೆಯ ಗೌಡ ಮನೆತನವೊಂದರ ಹಳೆಯ ಮನೆಯನ್ನು ಈಗ ಕೆಡವುತ್ತಿದ್ದಾರೆ. ಅಟ್ಟದ ಪೆಟ್ಟಿಗೆಯಲ್ಲಿ 1837ರ ದಿನಚರಿಯೊಂದು ಸಿಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ನಡೆದ ಅಮರಸುಳ್ಯದ ದಂಗೆಯ ದಿನಗಳಲ್ಲಿ ಆ ಮನೆಯಿಂದ ಕಾಣೆಯಾದ ಯುವಕನ ಕಥೆ ಅದರಿಂದ ಬಿಚ್ಚಿಕೊಳ್ಳುತ್ತದೆ. ನಾಲ್ಕು ಅಧ್ಯಾಯ ಓದಿದ ಸ್ನೇಹಿತರು ಮಾತ್ರ ಹಿಂದಿನದು ಒಂದು ಕಥೆ, ಇಂದಿನದು ಇನ್ನೊಂದು ಕಥೆ ಎನ್ನುತ್ತಿದ್ದಾರೆ. ಇವೆರಡನ್ನು ಹೇಗೆ ಬೆಸೆಯುವುದು ಎಂದು ಕೇಳಿದ್ದೀರಿ.

ನನಗೆ ತೋರುವಂತೆ ತೊಂದರೆ ಇರುವುದು ಆ ದಿನಚರಿಯಲ್ಲಿ. ಮೊದಲನೆಯದಾಗಿ, 1837ರಲ್ಲಿ ಸುಳ್ಯದ ಒಂದು ಕೃಷಿಕ ಮನೆಯಲ್ಲಿ ದಿನಚರಿ ಬರೆಯುವ ರೂಢಿ ಇತ್ತೆಂದು ಓದುಗರು ಒಪ್ಪುವುದು ಕಷ್ಟ. ಓಲೆಗರಿ ಇತ್ತು, ಇದ್ದಿಲು ಮತ್ತು ಹುಣಸೆಬೀಜದ ಅಂಟು ಬಳಿದ ಬಟ್ಟೆಯನ್ನು ಮಡಚಿ ಬಳಪದಿಂದ ಲೆಕ್ಕ ಬರೆಯುವ ಕಡತ ಇತ್ತು. ಮನಸ್ಸಿನ ಮಾತು ಬರೆದಿಡುವ ಪುಸ್ತಕ ಇರಲಿಲ್ಲ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಟಿದ್ದೇ 1843ರಲ್ಲಿ, ಆದ್ದರಿಂದ ಪತ್ರಿಕೆಯ ತುಣುಕನ್ನೂ ನೀವು ಪೆಟ್ಟಿಗೆಯಲ್ಲಿ ಇಡುವಂತಿಲ್ಲ. ಎರಡನೆಯದು ಇದಕ್ಕಿಂತ ಮುಖ್ಯ: ದಿನಚರಿ ಎಲ್ಲವನ್ನೂ ತಾನೇ ಹೇಳಿಬಿಡುತ್ತದೆ. ಇಂದಿನವರಿಗೆ ಓದುವುದರ ಹೊರತು ಬೇರೆ ಕೆಲಸವೇ ಉಳಿಯುವುದಿಲ್ಲ, ಮನೆಯೂ ಬರೀ ಪೆಟ್ಟಿಗೆ ಇಡುವ ಜಾಗವಾಗಿಬಿಡುತ್ತದೆ.

ಹಾಗಾದರೆ ಕಾಲಗಳೆರಡನ್ನು ಕಟ್ಟುವುದು ಯಾವುದು? ಗುಟ್ಟು ಹೊರಬಿದ್ದರೆ ಇಂದು ಬದುಕಿರುವ ಯಾರಿಗೆ ನೋವಾಗುತ್ತದೆ ಎಂಬ ಪ್ರಶ್ನೆಯಿಂದ ಹೊರಡಿ. ಈ ದೃಷ್ಟಿಯಿಂದ ನೀವು ಆರಿಸಿಕೊಂಡ ಘಟನೆ ಅಪರೂಪದ್ದು. ಕಂಪನಿ 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡು ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಧಾನ್ಯದ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೇಳತೊಡಗಿತು. ಆ ಸಿಟ್ಟು ಬೆಳ್ಳಾರೆಯ ಖಜಾನೆಯಿಂದ ಪುತ್ತೂರು, ಪಾಣೆಮಂಗಳೂರು ದಾಟಿ 1837ರ ಏಪ್ರಿಲ್ ಆರಂಭದಲ್ಲಿ ಮಂಗಳೂರನ್ನು ತಲುಪಿತು, ಸುಮಾರು ಎರಡು ವಾರ ಪಟ್ಟಣವು ದಂಗೆಯವರ ಕೈಯಲ್ಲಿತ್ತು. ದಂಗೆ ಮುರಿದ ಮೇಲೆ ನಾಯಕರನ್ನು ಗಲ್ಲಿಗೇರಿಸಿದರು. ಆಮೇಲೆ ದಂಗೆಗೆ ಅದರ ನಾಯಕ ಕಲ್ಯಾಣಪ್ಪನ ಹೆಸರಿನಲ್ಲಿ ಊರಿನವರ ಬಾಯಲ್ಲಿ ಉಳಿದ ಹೆಸರು ಯಾವುದೆಂದರೆ ‘ಕಲ್ಯಾಣಪ್ಪನ ಕಾಟಕಾಯಿ’, ಅಂದರೆ ಲೂಟಿ, ದರೋಡೆ ಎಂಬ ಅರ್ಥದ ಮಾತು. ಹಿಂದೆ ಈ ಹೆಸರು ಕಿವಿಗೆ ಬೀಳುತ್ತಿದ್ದ ಕಾಲದಲ್ಲಿ, ತಮ್ಮ ಮನೆಯವನು ಆ ದಂಡಿನಲ್ಲಿ ಹೋಗಿದ್ದನೆಂದು ಹೇಳಿಕೊಳ್ಳಲು ಯಾರಿಗೆ ತಾನೇ ಮನಸ್ಸು ಬಂದೀತು? ಇಂದು ಅದೇ ದಂಗೆ ಸ್ವಾತಂತ್ರ್ಯ ಹೋರಾಟವೆಂದು ಗೌರವ ಪಡೆದಿದೆ, 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ದಂಗೆಯ ನಾಯಕರಲ್ಲೊಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯೂ ನಿಂತಿದೆ. ಈಗ ಮುಚ್ಚಿಡಬೇಕಾದದ್ದು ಕಂಪನಿಯ ಪರ ನಿಂತ ಸಂಗತಿಯನ್ನು. ಒಂದೇ ಮನೆ, ಒಂದೇ ಸಂಗತಿ. ಅವಮಾನ ಮಾತ್ರ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಹೊರಳಿದೆ. ನಿಮ್ಮ ಕಾದಂಬರಿಯ ಬೆಸುಗೆ ಇಲ್ಲಿದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ದಿನಚರಿಯ ಬದಲು ಪೆಟ್ಟಿಗೆಯಲ್ಲಿ ಒಂದು ಪದಕವನ್ನು ಇಟ್ಟು ನೋಡಿ. ದಂಗೆಯನ್ನು ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿ ಸರಕಾರ ನಿಜವಾಗಿಯೂ ಪದಕಗಳನ್ನು ಕೊಟ್ಟಿತ್ತು. ಒಂದು ಮುಖದಲ್ಲಿ ಆಯುಧ ಎತ್ತಿ ಹಿಡಿದ ಕೊಡಗಿನ ಯೋಧನ ಚಿತ್ರವಿದೆ, ಬರಹದಲ್ಲಿ ಇಂಗ್ಲಿಷಿನ ಜೊತೆಗೆ ಕನ್ನಡವೂ ಇದೆ. ಕನ್ನಡ ಬರಹವಿರುವ, ಯೋಧನ ಚಿತ್ರವಿರುವ ಆ ಪದಕ ಕೈಗೆ ಸಿಕ್ಕ ಮೊಮ್ಮಗ ಅದನ್ನು ಮೊದಲ ನೋಟಕ್ಕೆ ತನ್ನ ಮನೆತನದ ಹೋರಾಟದ ಗುರುತೆಂದೇ ಭಾವಿಸುತ್ತಾನೆ, ಊರಿನವರಿಗೆ ತೋರಿಸಿ ಹೆಮ್ಮೆ ಪಡುತ್ತಾನೆ. ಸವೆದ ಅಕ್ಷರಗಳನ್ನು ಉಜ್ಜಿ ಓದಿದಾಗ ತಿಳಿಯುವುದು ತಿರುಗುಮುರುಗಾದ ಅರ್ಥ. ಆದರೆ ಕೊಡಗಿನವರಿಗೆ ಕೊಟ್ಟ ಪದಕ ಸುಳ್ಯದ ಮನೆಗೆ ಬಂದದ್ದು ಹೇಗೆ? ಅರೆಭಾಷೆ ಎಂಬ ಕನ್ನಡದ ಉಪಭಾಷೆಯನ್ನಾಡುವ ಗೌಡರಲ್ಲಿ ಸುಳ್ಯಕ್ಕೂ ಕೊಡಗಿಗೂ ಹೆಣ್ಣು ಕೊಟ್ಟು ತರುವ ಸಂಬಂಧ ಇರುವುದರಿಂದ, ತಲೆಮಾರುಗಳ ನಂತರ ಸೊಸೆಯಾಗಿ ಬಂದವಳ ಪೆಟ್ಟಿಗೆಯಲ್ಲಿ ಅದು ಬಂದಿರಬಹುದು. ಕಾಣೆಯಾದವನ ಮನೆಯೊಳಗೆ ಅವನನ್ನು ಹಿಡಿದುಕೊಟ್ಟವರ ಮನೆಯ ಹೆಣ್ಣು ಕಾಲಿಟ್ಟಿದ್ದಾಳೆ, ಅದು ಅವಳಿಗೆ ಗೊತ್ತಿತ್ತೇ ಎಂಬುದು ಓದುಗರನ್ನು ಕೊನೆಯ ಪುಟದವರೆಗೆ ಕೊಂಡೊಯ್ಯಬಲ್ಲ ಪ್ರಶ್ನೆ.

ಕಾಲದ ಗೊಂದಲಕ್ಕೂ ನಮ್ಮಲ್ಲಿಯೇ ಒಳ್ಳೆಯ ಸಾಧನವಿದೆ. ಹಳೆಯ ಬರಹಗಳಲ್ಲಿ ಎಷ್ಟೋ ಸಲ ಸಂವತ್ಸರದ ಹೆಸರಿರುತ್ತದೆ, ಶಕವರ್ಷ ಇರುವುದಿಲ್ಲ. 1837ರ ಏಪ್ರಿಲ್‌ನಲ್ಲಿ ಹೇವಿಳಂಬಿ ಸಂವತ್ಸರ ಆರಂಭವಾಯಿತು. ಅರವತ್ತು ವರ್ಷ ಕಳೆದು 1897ರಲ್ಲಿ ಮತ್ತೆ ಹೇವಿಳಂಬಿ ಬಂತು. ಕಡತದಲ್ಲಿ ‘ಹೇವಿಳಂಬಿ ಸಂ॥ ವೈಶಾಖ’ ಎಂದಷ್ಟೇ ಇದ್ದರೆ ಅದು ದಂಗೆಯ ವರ್ಷವೋ, ಮೊಮ್ಮಕ್ಕಳ ಕಾಲದ ಪಾಲುಪಟ್ಟಿಯೋ ಎಂಬುದನ್ನು ನಿರ್ಧರಿಸಲು ಬೇರೆ ಸಾಕ್ಷಿ ಬೇಕಾಗುತ್ತದೆ, ಮತ್ತು ಆ ಸಾಕ್ಷಿಯನ್ನು ಮನೆಯೇ ಕೊಡಬೇಕು.

ಇಲ್ಲಿ ನನ್ನ ಅನುಭವವೊಂದನ್ನು ಹೇಳುತ್ತೇನೆ. ಪುತ್ತೂರಿನ ಹತ್ತಿರವಿದ್ದ ನನ್ನ ತಾಯಿಯ ತವರುಮನೆಯ ಮಾಡು, ಅಂದರೆ ಛಾವಣಿ, ಇಳಿಸಿದ ದಿನ ನಾನು ಅಂಗಳದಲ್ಲಿ ನಿಂತು ಹಂಚುಗಳನ್ನು ಎಣಿಸಿ ಜೋಡಿಸುತ್ತಿದ್ದೆ. ಒಂದು ಹಂಚನ್ನು ಮಗುಚಿ ಪಾಚಿ ಕೆರೆದಾಗ ಬಾಸೆಲ್ ಮಿಷನ್ ಎಂಬ ಅಚ್ಚು, ಅದರ ಜೊತೆಗೆ 1865 ಎಂಬ ಅಂಕಿ ಕಂಡಿತು. ಮನೆ ಕಟ್ಟಿದ ವರ್ಷ ಸಿಕ್ಕಿತೆಂದು ಸೋದರಮಾವ ಸಂತೋಷದಿಂದ ಎಲ್ಲರಿಗೂ ಕೂಗಿ ಹೇಳಿದರು. ಅದು ಮಂಗಳೂರಿನ ಜೆಪ್ಪುವಿನಲ್ಲಿ ಆ ಮಿಷನ್ನಿನ ಹಂಚಿನ ಕಾರ್ಖಾನೆ ಆರಂಭವಾದ ವರ್ಷವೆಂದೂ, ಬಹಳ ವರ್ಷಗಳ ನಂತರ ತಯಾರಾದ ಹಂಚಿನ ಮೇಲೂ ಅದೇ ಅಂಕಿ ಇರುತ್ತದೆಂದೂ ನನಗೆ ತಿಳಿದದ್ದು ಆಮೇಲೆ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದ್ದರಿಂದ ಹಂಚಿನ ಮೇಲಿನ ಹೆಸರು ಬದಲಾಯಿತು, ಹಾಗಾಗಿ ವರ್ಷದ ಅಂಕಿಗಿಂತ ಹೆಸರೇ ಹೆಚ್ಚು ನಂಬಬಹುದಾದ ಸಾಕ್ಷಿ. ಅದೇ ದಿನ ಇನ್ನೊಂದನ್ನೂ ಕಂಡೆ. ಹಂಚು, ರೀಪು ತೆಗೆದ ಮೇಲೆ ಅಡುಗೆಮನೆಯಿಂದ ದೂರದಲ್ಲಿದ್ದ, ಚಾವಡಿಯ ಮೇಲಿನ ಎರಡು ಪಕ್ಕಾಸುಗಳ, ಅಂದರೆ ಮಾಡನ್ನು ಹೊರುವ ಓರೆಯ ಮರಗಳ, ಮೇಲ್ಮೈ ಇದ್ದಿಲಿನಂತೆ ಕರಿದಾಗಿತ್ತು. ಸುಟ್ಟ ಮಗ್ಗುಲನ್ನು ಮೇಲೆ ಮಾಡಿ, ಕೆಳಗಿನಿಂದ ನೋಡುವವರಿಗೆ ಕಾಣದಂತೆ ಕೂರಿಸಿದ್ದರು. ಒಮ್ಮೆ ಮುಳಿಹುಲ್ಲಿನ ಮಾಡು ಹೊತ್ತಿ ಉರಿದಿತ್ತು, ಉಳಿದ ಮರವನ್ನು ಯಾರೋ ಮತ್ತೆ ಬಳಸಿದ್ದರು. ಈ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಎಂದೂ ಆಡಿರಲಿಲ್ಲ.

ನಿಮ್ಮ 1837ರ ಅಧ್ಯಾಯದಲ್ಲಿ ಮಂಗಳೂರು ಹಂಚಿನ ಮೇಲೆ ಮಳೆ ಬೀಳುತ್ತಿದ್ದರೆ ದಯವಿಟ್ಟು ಬದಲಾಯಿಸಿ. ಅಂದಿನ ಮಾಡು ಹುಲ್ಲಿನದ್ದಾಗಲಿ. ಹುಲ್ಲಿನ ಮಾಡು ಉರಿದುಹೋಗಬಲ್ಲದು, ಹಾಗಾಗಿ ಕಂಪನಿಯ ಪಡೆ ಹುಡುಕಿಕೊಂಡು ಬಂದ ರಾತ್ರಿಯ ಸಾಕ್ಷಿಯನ್ನು ನಿಮ್ಮ ಮನೆ ನೂರೆಂಬತ್ತು ವರ್ಷ ತಲೆಯ ಮೇಲೆ ಹೊತ್ತು ನಿಂತಿರಬಲ್ಲದು.

ನಡುವಿನ ಕಾಲ ಬಹಳ ಉದ್ದವಾಯಿತೆಂಬ ಅಳುಕು ಬೇಡ. ಇಂದು ಎಂಬತ್ತರ ಆಸುಪಾಸಿನಲ್ಲಿರುವ ಅಜ್ಜಿ 1965ರ ಸುಮಾರಿಗೆ ಸೊಸೆಯಾಗಿ ಬಂದಾಗ ಜಗಲಿಯಲ್ಲಿ ಕುಳಿತಿದ್ದ ಮುದುಕಿ 1885ರ ಸುಮಾರಿಗೆ ಹುಟ್ಟಿದವಳು. ಆ ಮುದುಕಿ ಸೊಸೆಯಾಗಿ ಬಂದಾಗ ಅದೇ ಜಗಲಿಯಲ್ಲಿದ್ದ ಹಿರಿಯಳು ದಂಗೆಯ ವರ್ಷ ಹನ್ನೆರಡರ ಹುಡುಗಿ. ಅಲ್ಲಿಗೆ ಮೂರೇ ಬಾಯಿಗಳಲ್ಲಿ 1837 ನಿಮ್ಮ ಕೈಗೆ ಬಂತು. 1974ರ ಭೂಸುಧಾರಣೆಯ ಹೊತ್ತಿಗೆ ಗೇಣಿ ಒಕ್ಕಲುಗಳು ಜಮೀನಿನ ಹಕ್ಕು ಕೇಳಿ ಡಿಕ್ಲರೇಷನ್ ಅರ್ಜಿ ಕೊಟ್ಟಾಗ, ಆ ಪೆಟ್ಟಿಗೆಯನ್ನು ಹಳೆಯ ಚೀಟಿಗಳಿಗಾಗಿ ಒಮ್ಮೆ ತಡಕಾಡಿರುತ್ತಾರೆ, ಪದಕ ಆಗಲೇ ಅಜ್ಜಿಯ ಕಣ್ಣಿಗೆ ಬಿದ್ದಿರುತ್ತದೆ. ಒಂದು ಸಣ್ಣ ಅಧ್ಯಾಯ ಅದಕ್ಕೆ ಸಾಕು.

ಅಜ್ಜಿ ತಿಳಿದೂ ಸುಮ್ಮನಿದ್ದವಳಾಗಿರಲಿ, ಮರೆತವಳನ್ನಾಗಿ ಮಾಡಬೇಡಿ. ಸುಟ್ಟ ಪಕ್ಕಾಸನ್ನು ಎರಡನೆಯ ಅಧ್ಯಾಯದಲ್ಲೇ, ಕೆಲಸದವರು ಅಂಗಳಕ್ಕೆ ಇಳಿಸುವಾಗ, ಅಜ್ಜಿಯ ಎದುರಿಗೇ ತೋರಿಸಿಬಿಡಿ. ಮೊಮ್ಮಗ ಅದನ್ನು ಗೆದ್ದಲು ಹಿಡಿದ ಮರವೆಂದುಕೊಂಡು ಸೌದೆಯ ರಾಶಿಗೆ ಹಾಕಲು ಹೇಳುತ್ತಾನೆ, ಅಜ್ಜಿ ಎದ್ದು ಬಂದು ಅದನ್ನು ಬೇರೆಯಾಗಿ ಗೋಡೆಗೆ ಒರಗಿಸಿ ಇಡಿಸುತ್ತಾಳೆ, ಕಾರಣ ಹೇಳುವುದಿಲ್ಲ.